ಎಡಮಗ್ಗುಲ ತುಕ್ಕು

ಸ್ಮಿಲ್ಯಾನಾ ಮೊದಲು ಬಂದೂಕಿನ ನಳಿಗೆಯ ಬಾಯಿ ಮೂಸುತ್ತಿದ್ದಳು. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದಳು. ಒಳಗಿನ ಸುರುಳಿ ಗೆರೆಗಳು ತುದಿಯವರೆಗೂ ಮಿಂಚಿದರೆ ಮೊದಲ ದರ್ಜೆ, ಮಸುಕಾಗಿದ್ದರೆ ಎರಡನೆಯದು, ಗುಳಿ ಬಿದ್ದಿದ್ದರೆ ಮೂರನೆಯದು. ಕೊನೆಗೆ ಮರದ ಭಾಗ ಬಿಚ್ಚಿ, ಅದರಡಿಯ ಉಕ್ಕಿನ ಮೇಲೆ ಉಗುರು ಎಳೆಯುತ್ತಿದ್ದಳು. ಹೊರಗಡೆ ಬಣ್ಣ ಬಳಿದು ಯಾರನ್ನಾದರೂ ನಂಬಿಸಬಹುದು. ಮರದಡಿಯ ಉಕ್ಕು ನಡೆದದ್ದನ್ನು ನಡೆದ ಹಾಗೇ ಹೇಳುತ್ತದೆ ಎಂಬುದು ಅವಳ ಅನುಭವ.

ಸೆರ್ಬಿಯಾದ ಶುಮಾದಿಯಾ ಗುಡ್ಡಗಳ ನಡುವಿನ ಆ ಉಗ್ರಾಣಕ್ಕೆ, ಸೈನ್ಯಕ್ಕೆ ಬೇಡವಾದ ರೈಫಲ್ಲುಗಳು ಲಾರಿಗಟ್ಟಲೆ ಬರುತ್ತಿದ್ದವು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅಲ್ಲಿ ಸೇರಿದವಳಿಗೆ ಈಗ ಮೂವತ್ತೆಂಟು. ನೋಡಲು ಬಂದಿದ್ದ ಒಬ್ಬ ಗಂಡು ಕೈಯ ಗ್ರೀಸಿನ ವಾಸನೆಗೆ ಮುಖ ಸಿಂಡರಿಸಿದ ಮೇಲೆ ಅವಳು ಮದುವೆಯ ಮಾತೆತ್ತಲಿಲ್ಲ. ಬೆಲ್‌ಗ್ರೇಡಿನ ದಲ್ಲಾಳಿ ಬೊಯಾನ್ ಮಾತ್ರ ಅವಳ ದರ್ಜೆ ಚೀಟಿ ಇಲ್ಲದೆ ಒಂದು ಪೆಟ್ಟಿಗೆಯನ್ನೂ ಕೊಳ್ಳುತ್ತಿರಲಿಲ್ಲ.

"ಅಕ್ಕಾ, ಮರದ ಮೇಲೆ ಹುಡುಗಿ ಹೆಸರು ಕೆತ್ತಿರೋದು ಸಿಕ್ಕಿದ್ರೆ ಬೇರೆ ಎತ್ತಿಡಿ. ಹಳೇ ಬಂದೂಕು ಕೂಡಿಡೋ ಅಮೆರಿಕದೋರು ಅದಕ್ಕೆ ಪ್ರಾಣ ಬಿಡ್ತಾರೆ."

"ಕೆತ್ತಿದೋನು ಆಗ್ಲೇ ಬಿಟ್ಟಿರ್ತಾನೆ ಬಿಡು," ಎನ್ನುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಹೆಸರನ್ನಲ್ಲ, ಒಂದು ಸಂಖ್ಯೆಯನ್ನು: ೨೪೩೮೧೭. ಹತ್ತು ವರ್ಷದ ಹಿಂದೆ ಅವಳ ತಮ್ಮ ಮಿಲುನ್ ಯುದ್ಧಕ್ಕೆ ಹೋದ ಹೊಸತರಲ್ಲಿ ಬರೆದ ಒಂದೇ ಒಂದು ಪತ್ರದಲ್ಲಿ, "ನನ್ನ ಹೆಸರು ಮರೆತರೂ ಬಂದೂಕಿನ ನಂಬರು ಮರೆಯಬಾರದಂತೆ" ಎಂದು ಅದನ್ನು ಬರೆದಿದ್ದ. ಅದೇ ವರ್ಷದ ಶರತ್ಕಾಲದಲ್ಲಿ ಅವನು ಕಾಣೆಯಾದ. ಜೊತೆಯಲ್ಲಿದ್ದವನೊಬ್ಬ ಮನೆಗೆ ಬಂದು, "ಬಂದೂಕು ತುಕಡಿಗೆ ಒಪ್ಪಿಸಿ ಹಂಗೇರಿ ಗಡಿ ಕಡೆ ನಡೆದುಬಿಟ್ಟ, ಅಮ್ಮಾ. ಎಲ್ಲೋ ಬದುಕಿದಾನೆ," ಎಂದ. ತಾಯಿ ಕೊಸಾರಾ ಅಂದಿನಿಂದ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಒಪ್ಪಿಸಿದ ಬಂದೂಕು ಇವತ್ತಲ್ಲ ನಾಳೆ ಮಗಳ ಉಗ್ರಾಣಕ್ಕೆ ಬಂದೇ ಬರುತ್ತದೆ; ಬಂದರೆ ಮಗ ಬದುಕಿದ್ದಾನೆ. ಹತ್ತು ವರ್ಷ ಪ್ರತಿ ಸಂಜೆ ಅವಳದು ಒಂದೇ ಪ್ರಶ್ನೆ: "ಬಂತೇನೇ?"

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅದು ಬಂತು.

ಗ್ರೀಸು ಒರೆಸಿ ಸಂಖ್ಯೆ ಓದಿದಳು. ಇನ್ನೊಮ್ಮೆ ಒರೆಸಿ ಓದಿದಳು. ಬಲಗಡೆಯ ಮರದಲ್ಲಿ ಇನ್ನೂ ಮೆರುಗಿತ್ತು. ಎಡಗಡೆ ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿತ್ತು. ಮರ ಬಿಚ್ಚಿದಾಗ ಎಡಮಗ್ಗುಲ ಉಕ್ಕಿನ ತುಂಬ ಗಸಗಸೆ ಕಾಳು ಕೂರುವಷ್ಟು ಗುಳಿಗಳು. ಹಾರಿಸಿದ ಒಂದು ತೋಟಾದ ಖಾಲಿ ಕೋಶ ಹೊರಗೆ ಬೀಳದೆ ನಳಿಗೆಯ ಬುಡದಲ್ಲೇ ಕಚ್ಚಿಕೊಂಡು ತುಕ್ಕು ಹಿಡಿದಿತ್ತು.

ಮೇಸ್ತ್ರಿ ಟಿಹೊಮಿರ್ ಹತ್ತಿರ ಬಂದ. "ಏನಮ್ಮಾ, ಅದನ್ನೇ ಕಟ್ಕೋತೀಯೇನು? ದರ್ಜೆ ಬರಿ."

"ನೀವೇ ಹೇಳಿ ಮೇಸ್ತ್ರಿ. ಇದನ್ನ ಒಪ್ಪಿಸಿದ್ರು ಅನ್ಸುತ್ತಾ?"

ಅವನು ಕನ್ನಡಕ ಏರಿಸಿದ. "ಒಪ್ಪಿಸೋರು ಹೀಗೆ ಒಪ್ಪಿಸ್ತಾರಾ? ಒಂದು ಚಳಿಗಾಲ ಪೂರ್ತಿ ಎಡಮಗ್ಗುಲಾಗಿ ಕೆಸರಲ್ಲಿ ಬಿದ್ದಿದೆ. ಹೊಡೀತಾ ಇದ್ದ ಹಾಗೇ ಬಿದ್ದೋನು, ಪಾಪ. ನೀನೇ ಅಲ್ವಾ ಎಲ್ಲರಿಗೂ ಇದನ್ನ ಕಲಿಸಿದ್ದು?"

"ಹೌದು, ನಾನೇ."

"ಬಿಡಿಭಾಗಕ್ಕೂ ಬರಲ್ಲ ಇದು. ಕರಗಿಸೋ ಗಾಡಿಗೆ ಹಾಕು."

ಅವಳೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟಳು. ಬಲಮಗ್ಗುಲು ಕೆಳಗೆ ಬರುವಂತೆ ಇಟ್ಟಳು.

ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅಮ್ಮನಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಮೊದಲು ಬಂದದ್ದನ್ನು ಹೇಳುವುದು, ಆಮೇಲೆ ಕೂರಿಸಿ ತುಕ್ಕಿನ ವಿಷಯ.

"ಬಂತೇನೇ?" ಎಂದಳು ಕೊಸಾರಾ, ಹುರುಳಿಕಾಯಿ ಬೀಜ ಆರಿಸುತ್ತಾ.

"ಬಂತಮ್ಮಾ. ಆದ್ರೆ..."

ಮುದುಕಿ ಎದ್ದೇಬಿಟ್ಟಳು. "ನಾನು ಹೇಳ್ಲಿಲ್ವಾ! ಒಪ್ಪಿಸಿದಾನೆ! ನಿನ್ನ ಮುಖ ಯಾಕೇ ಹಾಗಿದೆ, ಅಳೋದಾದ್ರೆ ಖುಷಿಗೆ ಅಳು. ಚೊಕ್ಕವಾಗಿತ್ತಾ? ಬೂಟ್ಸನ್ನೂ ಉಗುಳು ಹಾಕಿ ಉಜ್ಜೋನು ಅವನು."

"ಅಮ್ಮಾ, ಸ್ವಲ್ಪ ಕೂತ್ಕೋ..."

"ಹೇಳೇ, ಚೊಕ್ಕವಾಗಿತ್ತಾ?"

ಸ್ಮಿಲ್ಯಾನಾ ಆ ಮುಖ ನೋಡಿದಳು. ಹತ್ತು ವರ್ಷಗಳಿಂದ ಅದು ಹಾಗೆ ಅರಳಿದ್ದನ್ನು ಕಂಡಿರಲಿಲ್ಲ.

"ಚೊಕ್ಕವಾಗಿತ್ತು."

ಅಮ್ಮ ತಲೆವಸ್ತ್ರವನ್ನೂ ಕಟ್ಟಿಕೊಳ್ಳದೆ ಪಕ್ಕದ ಮನೆಗೆ ಓಡಿದಳು. ಬೇಲಿಯಾಚೆಯಿಂದ ಅವಳ ಧ್ವನಿ, ಪಕ್ಕದ ಮುದುಕಿಯ ಧ್ವನಿ, ಆಮೇಲೆ ಇಬ್ಬರ ನಗು ಕೇಳಿಸಿತು. ಸ್ಮಿಲ್ಯಾನಾ ಅಲ್ಲೇ ಕೂತು ಉಳಿದ ಬೀಜಗಳನ್ನು ಆರಿಸಿದಳು. ಇನ್ನು ನಿಜ ಹೇಳಿದರೆ ತಾನೇ ತಮ್ಮನನ್ನು ಕೊಂದಂತೆ ಎಂದು ಅವಳಿಗೆ ಅನ್ನಿಸಿತು.

ಭಾನುವಾರ ಅಮ್ಮ ಅವಳನ್ನು ಚರ್ಚಿಗೆ ಎಳೆದುಕೊಂಡು ಹೋದಳು. ಅಲ್ಲಿ ಮೇಣದ ಬತ್ತಿ ಹಚ್ಚಲು ಮರಳು ತುಂಬಿದ ಎರಡು ತಟ್ಟೆಗಳು: ಬದುಕಿರುವವರಿಗೆ ಮೇಲಿನದು, ಸತ್ತವರಿಗೆ ಕೆಳಗಿನದು. ಅಮ್ಮ ಹಿಮ್ಮಡಿ ಎತ್ತಿ ಮಿಲುನನ ಬತ್ತಿಯನ್ನು ಮೇಲಿನ ಮರಳಿಗೆ ಚುಚ್ಚಿದಳು.

"ನಿಂದೂ ಅವನ ಪಕ್ಕಕ್ಕೇ ಇಡು ಮಗಳೇ."

ಕೆಳಗಿನ ತಟ್ಟೆ ಅವಳ ಮೊಣಕಾಲಿನ ಮಟ್ಟದಲ್ಲಿತ್ತು. ಅದರಲ್ಲಿ ಜಾಗ ಬೇಕಾದಷ್ಟಿತ್ತು. ಹಿಂದೆ ಜನ ಸಾಲಾಗಿ ಕಾಯುತ್ತಿದ್ದರು. ಸ್ಮಿಲ್ಯಾನಾ ಕೈ ಎತ್ತಿ, ಅಮ್ಮ ತೋರಿಸಿದಲ್ಲೇ ಬತ್ತಿ ಚುಚ್ಚಿ, ಮುಂದಿನವರಿಗೆ ದಾರಿ ಬಿಟ್ಟಳು.