ಇಬ್ಬರು ನೋಡಿದರೆ ಹಕ್ಕಿ

ಮಾತು ಬಿಟ್ಟ ಇಬ್ಬರು ಪ್ರತಿ ಭಾನುವಾರ ಬೆಳಗ್ಗೆ ಎದ್ದು, ಬಸ್ಸು ಹತ್ತಿ, ಒಂದೇ ಜಾಗಕ್ಕೆ ಬಂದು ಅಕ್ಕಪಕ್ಕ ನಿಲ್ಲುವುದನ್ನು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಗೊರೂರಿನ ಹಿನ್ನೀರಿನ ದಡದಲ್ಲಿ.

ಒಬ್ಬರು ಅರಕಲಗೂಡಿನ ನಂಜಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರಾದವರು. ಇನ್ನೊಬ್ಬರು ಚನ್ನರಾಯಪಟ್ಟಣದಲ್ಲಿ ಪಂಪ್‌ಸೆಟ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಪುಟ್ಟರಾಜು. ಹೊಳೆನರಸೀಪುರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ನಮ್ಮ ಹಾಸನದ ಹಕ್ಕಿ ಕ್ಲಬ್ಬಿನ ಸದಸ್ಯರು. (ನಾನೂ ಸದಸ್ಯೆಯೇ. ಆಗೊಮ್ಮೆ ಈಗೊಮ್ಮೆ ಹೋಗುತ್ತೇನೆ. ಹಕ್ಕಿಗಿಂತ ಗೊರೂರಿನ ಬಿಸಿ ಬೋಂಡಾ ನನ್ನನ್ನು ಹೆಚ್ಚು ಎಳೆಯುತ್ತದೆ ಎಂಬ ಅಪವಾದವಿದೆ. ನಾನು ಅಲ್ಲಗಳೆದಿಲ್ಲ.)

ನಮ್ಮ ಕ್ಲಬ್ಬಿಗೆ ಇರುವುದು ಒಂದೇ ನಿಯಮ. ಪಟ್ಟಿಗೆ ಸೇರಬೇಕಾದರೆ ಒಂದು ಹಕ್ಕಿಯನ್ನು ಇಬ್ಬರು ಸದಸ್ಯರು ಕಣ್ಣಾರೆ ನೋಡಿರಬೇಕು. ಒಬ್ಬರೇ ನೋಡಿದ್ದು ಲೆಕ್ಕಕ್ಕಿಲ್ಲ. ಎಂಥ ಪಂಡಿತರೇ ಆಗಿರಲಿ, ಎಂಥ ಹಕ್ಕಿಯೇ ಆಗಿರಲಿ.

ಈ ನಿಯಮವೇ ಹೋದ ಚಳಿಗಾಲದಲ್ಲಿ ಜಗಳ ತಂದಿದ್ದು. ಒಂದು ಭಾನುವಾರ ಪುಟ್ಟರಾಜು ಕಪ್ಪು ಕೊಕ್ಕರೆ ಕಂಡರು. ನಮ್ಮ ಸೀಮೆಗೆ ಬಲು ಅಪರೂಪದ ಅತಿಥಿ ಅದು. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರು ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಆಕಾಶ ಖಾಲಿ.

"ಬಿಳಿ ಕತ್ತಿನ ಕೊಕ್ಕರೆ ಇರ್ಬೇಕು ಬಿಡ್ಲಾ. ಅದು ಇಲ್ಲಿ ಯಾವಾಗ್ಲೂ ಬತ್ತದೆ" ಅಂದರು ಮೇಷ್ಟ್ರು.

"ಕತ್ತೂ ಕಪ್ಪಿತ್ತು ಕಣ್ಲಾ. ನಾನ್ ನೋಡ್ದೆ."

"ನಾನ್ ನೋಡ್ಲಿಲ್ವಲ್ಲ."

ಅಷ್ಟೇ. ಬೆಂಚಿನ ಕಾಲದ ಸ್ನೇಹ ಒಂದು ಹಕ್ಕಿಯ ಕತ್ತಿನ ಬಣ್ಣಕ್ಕೆ ಮುರಿದುಬಿತ್ತು.

ಆದರೆ ನಿಯಮ ಇದೆಯಲ್ಲ! ಭಾನುವಾರದ ನಡಿಗೆಗೆ ತಪ್ಪದೇ ಬರುವವರು ಇವರಿಬ್ಬರೇ. ಒಬ್ಬರು ಬರದಿದ್ದರೆ ಇನ್ನೊಬ್ಬರು ನೋಡಿದ್ದಕ್ಕೆ ಸಾಕ್ಷಿಯಿಲ್ಲ. ಹಾಗಾಗಿ ಮುಖ ಊದಿಸಿಕೊಂಡೇ ಬರುತ್ತಿದ್ದರು. ಪುಟ್ಟರಾಜು ಗಾಳಿಗೆ ಹೇಳಿದಂತೆ "ಜಾಲಿ ಮರದ ಎಡಕ್ಕೆ" ಅನ್ನುವುದು. ಮೇಷ್ಟ್ರು ಬೈನಾಕ್ಯುಲರ್ ಅತ್ತ ತಿರುಗಿಸಿ, ನೀರಿಗೆ ಹೇಳಿದಂತೆ "ಹೂಂ" ಅನ್ನುವುದು. ಹಕ್ಕಿ ಪಾಸು!

ಹೀಗಿರುವಾಗ ಹೋದ ವಾರ ಗೊರೂರಿನಲ್ಲೇ, ಮರದ ನೆರಳಲ್ಲಿ, ಕ್ಲಬ್ಬಿನ ಭವಿಷ್ಯದ ಬಗ್ಗೆ ಸಭೆ ಸೇರಿತು. ಕರೆದವರು ಕಾರ್ಯದರ್ಶಿ ಸುಮಾ, ಕಾಲೇಜು ಲೆಕ್ಚರರ್. ಅವರ ಚಿಂತೆ ನ್ಯಾಯವಾದದ್ದೇ. ವಾಟ್ಸ್ಯಾಪ್ ಗ್ರೂಪಿನಲ್ಲಿ ಜನವೋ ಜನ. ಸಾಲಗಾಮೆಯಿಂದ ಯಾರೋ ಮಿಂಚುಳ್ಳಿಯ ಫೋಟೊ ಹಾಕಿದರೆ ಸಾಕು, 'ಸೂಪರ್ ಸರ್' ಎಂಬ ಸುರಿಮಳೆ. ಕಾಗೆ ಹಾಕಿದರೂ ಸೂಪರ್ರೇ. ನಡಿಗೆಗೆ ಮಾತ್ರ ಒಂದು ನರಪಿಳ್ಳೆಯೂ ಬರುವುದಿಲ್ಲ. ಹೀಗೇ ಆದರೆ ಕ್ಲಬ್ಬು ಮುಚ್ಚಬೇಕಾಗುತ್ತದೆ ಅಂದರು ಸುಮಾ.

ಪರಿಹಾರವನ್ನೂ ತಂದಿದ್ದರು. ಹಕ್ಕಿಯ ಫೋಟೊ ತೋರಿಸಿದರೆ, ಕೂಗು ಕೇಳಿಸಿದರೆ ಹೆಸರು ಹೇಳುವ ಆ್ಯಪ್‌ಗಳಿವೆಯಲ್ಲ? ಅದನ್ನೇ ಎರಡನೇ ಸಾಕ್ಷಿ ಅಂತ ಒಪ್ಪಿಬಿಡೋಣ.

"ಎಲ್ರೂ ಭಾನುವಾರಾನೇ ಬರ್ಬೇಕು, ಗೊರೂರಿಗೇ ಬರ್ಬೇಕು ಅಂದ್ರೆ ಹೇಗೆ? ಅವರವರ ಊರಲ್ಲಿ, ಅವರವರ ಪುರುಸೊತ್ತಲ್ಲಿ ನೋಡ್ಲಿ. ಏನಂತೀರಿ ಅಕ್ಕಾ?"

ಚೆನ್ನಾಗಿದೆ ಅಂದೆ. ನಿಜಕ್ಕೂ ಹಾಗೇ ಅನ್ನಿಸಿತ್ತು. ಫೋನಿಗೆ ಮುನಿಸಿಲ್ಲ. ಶೂ ಲೇಸಿಲ್ಲ. ಬೋಂಡಾ ತಿಂದ ಕೈಯಲ್ಲಿ ಬೈನಾಕ್ಯುಲರ್ ಮುಟ್ಟುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇವರಿಬ್ಬರ ಹಿಂಸೆ ತಪ್ಪುತ್ತದೆ. ಮೇಷ್ಟ್ರು ಅರಕಲಗೂಡಿನಲ್ಲೇ ನೋಡಿಕೊಳ್ಳಲಿ, ಪುಟ್ಟರಾಜು ಚನ್ನರಾಯಪಟ್ಟಣದಲ್ಲಿ. ಆಗದವರ ಮುಖ ನೋಡುವ ಕರ್ಮ ಯಾರಿಗೆ ಬೇಕು?

ಒಪ್ಪಿಗೆ ಇರುವವರು ಕೈ ಎತ್ತಿ ಅಂದರು ಸುಮಾ. ಎತ್ತಿದೆವು. ಎರಡು ಜೊತೆ ಕೈ ಮಾತ್ರ ಮೇಲೇಳಲಿಲ್ಲ. ಯಾರದೆಂದು ಹೇಳಬೇಕಾಗಿಲ್ಲ.

ಸುಮಾ ಪುಟ್ಟರಾಜು ಕಡೆ ತಿರುಗಿದರು. "ಇದರಿಂದ ನಿಮಗೇ ಅಲ್ವಾ ಅನುಕೂಲ? ಈ ನಿಯಮ ಆವತ್ತೇ ಇದ್ದು, ನೀವೊಂದು ಫೋಟೊ ತೆಗೆದಿದ್ರೆ ಕಪ್ಪು ಕೊಕ್ಕರೆ ಪಾಸಾಗ್ತಿತ್ತು."

"ಫೋಟೊ ಐತೆ ಮೇಡಂ" ಅಂದರು ಪುಟ್ಟರಾಜು.

ಎಲ್ಲರೂ ಅವರತ್ತ ನೋಡಿದೆವು.

"ಆರೋಗೋ ಹೊತ್ನಲ್ಲಿ ಒಂದ್ ತೆಗ್ದಿದ್ದೆ. ಆವತ್ತೇ ಸಂಜೆ ಫೋನ್ಗೂ ತೋರ್ಸ್ದೆ. ಕಪ್ಪು ಕೊಕ್ಕರೆ ಅಂತಾನೇ ಅಂತು."

ಮೇಷ್ಟ್ರು ಎದ್ದು ನಿಂತರು. ಇಷ್ಟು ತಿಂಗಳಲ್ಲಿ ಮೊದಲ ಸಲ ನೇರವಾಗಿ ಅವರ ಮುಖ ನೋಡಿ ಮಾತಾಡಿದರು. "ತೋರ್ಸಿದ್ರೆ ನಾನೂ ಒಪ್ಕತಿದ್ದೆ ಕಣ್ಲಾ! ಯಾಕ್ಲಾ ತೋರ್ಸ್ಲಿಲ್ಲ?"

"ತೋರ್ಸುದ್ ಮ್ಯಾಲೆ ಒಪ್ಪಕೆ ನೀನೇ ಯಾಕ್ಲಾ ಬೇಕು? ಊರೋರೆಲ್ಲಾ ಒಪ್ತಾರೆ."

"ನೋಡ್ದೆ ಇರದ್ನ ನೋಡಿವ್ನಿ ಅಂತ ಎಂಗ್ಲಾ ಏಳ್ಲಿ?" (ಕೋಪ ಬಂದರೆ ಮೇಷ್ಟ್ರ ಮಾತಿನಲ್ಲಿ ಮೊದಲು ಹೋಗುವುದು ಹಕಾರ.)

"ನೋಡಿವ್ನಿ ಅಂತ ಏಳು ಅಂದ್ನಾ? 'ನೀನ್ ನೋಡಿರ್ತೀಯ ಬಿಡು' ಅಂತ ಒಂದ್ ಮಾತ್ ಅಂದಿದ್ರೆ ಸಾಕಾಗಿತ್ತು."

ನಿಯಮ ಮೇಷ್ಟ್ರ ಕಡೆಗಿತ್ತು. ನ್ಯಾಯ ಯಾರ ಕಡೆಗಿತ್ತೋ ನಾನು ಹೇಳಲಾರೆ.

ನನಗಂತೂ ಎತ್ತಿದ ಕೈ ಇಳಿಸಬೇಕು ಅನ್ನಿಸಿತು. ಅಷ್ಟರಲ್ಲಿ ಸುಮಾ ಎಣಿಸಿಯಾಗಿತ್ತು. ಬರದೇ ಇದ್ದವರೆಲ್ಲ ಫೋನಿನಲ್ಲೇ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕಳಿಸಿದರು. ಭಾರೀ ಬಹುಮತ. ಕ್ಲಬ್ಬು ಉಳಿಯಿತು. ಈಗ ಮಲ್ಲಿಪಟ್ಟಣದಿಂದಲೂ ಹೊಸಬರು ಸೇರಿದ್ದಾರಂತೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಹಾಗಾದರೆ ಇವರಿಬ್ಬರು? ಇನ್ನು ಒಬ್ಬರಿಗೊಬ್ಬರು ಬೇಕಿಲ್ಲವಲ್ಲ, ಬರುವುದಿಲ್ಲ ಅಂದುಕೊಂಡೆ. ಮೊನ್ನೆ ಭಾನುವಾರ ತಡೆಯಲಾರದೆ ಸ್ಕೂಟರ್ ಹತ್ತಿ ಗೊರೂರಿಗೆ ಹೋದೆ. (ಬೋಂಡಾಕ್ಕಲ್ಲ. ಈ ಸಲ ಖಂಡಿತ ಅಲ್ಲ.)

ಇಬ್ಬರೂ ದಡದಲ್ಲಿ ನಿಂತಿದ್ದರು. ರಾಜಿ ಆಗಿತ್ತು ಅಂದುಕೊಳ್ಳಬೇಡಿ. ಮೇಲೆ ಸುತ್ತುತ್ತಿದ್ದ ಒಂದು ಹದ್ದಿನ ಬಗ್ಗೆ ಜೋರು ಜಗಳ ನಡೆದಿತ್ತು. ಬಾಲ ಕವಲು ಅಂತ ಒಬ್ಬರು, ಅಲ್ಲ ಕಣ್ಲಾ ಅಂತ ಇನ್ನೊಬ್ಬರು. "ಕಣ್ಣು ತೋರ್ಸ್ಕಳಲಾ ಮೊದ್ಲು" ಎಂದು ಮೇಷ್ಟ್ರು ಬೈಯುತ್ತಿದ್ದರು. ಪುಟ್ಟರಾಜು ಮುಖದಲ್ಲಿ ನಾನು ಬಹಳ ದಿನದಿಂದ ಕಾಣದಿದ್ದ ಖುಷಿ ಇತ್ತು. ಇಬ್ಬರ ಫೋನುಗಳೂ ಜೇಬಿನಲ್ಲೇ ಇದ್ದವು.

ಇರಲಿ. ನೀವು ಹೇಳಿ, ನೀವು ಕಂಡದ್ದನ್ನು ಮುಖಕ್ಕೆ ಹೊಡೆದಂತೆ 'ಸುಳ್ಳು' ಅನ್ನುವವರು ನಿಮಗೆ ಒಬ್ಬರಾದರೂ ಉಳಿದಿದ್ದಾರಾ?