ಸೋಪಕ್ಕನ ಸೊನ್ನೆ

ಆ ಹಲ್ಲಿನ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸೋಪಕ್ಕ ಎಂದೇ ಕರೆಯುತ್ತಿದ್ದರು. ನೆಲ ಒರೆಸಲು ಸೇರಿದವಳು ಆರೇ ವರ್ಷದಲ್ಲಿ, ರೋಗಿಗಳು ಕಾಯುವ ಹಾಲ್‌ನಲ್ಲಿದ್ದ ಜೀವಂತ ಹವಳ, ಮೀನು ಸಾಕಿದ ದೊಡ್ಡ ಗಾಜಿನ ತೊಟ್ಟಿಗೆ ಒಡತಿಯಾಗಿಬಿಟ್ಟಿದ್ದಳು. ಹಾಗಂತ ತೊಟ್ಟಿಗೂ ಸೋಪು ಹಾಕುವ ದಡ್ಡಿಯಲ್ಲ. ಉಪ್ಪುನೀರು ಹದ ಮಾಡುವುದು, ಪಂಪು ಬಿಚ್ಚಿ ತೊಳೆಯುವುದು, ಎಲ್ಲವನ್ನೂ ನೋಡಿ ನೋಡಿಯೇ ಕಲಿತವಳು. ಹಲ್ಲು ಕೀಳಿಸಲು ಬಂದು ರಂಪ ಮಾಡುವ ಮಕ್ಕಳೂ ಆ ಗಾಜಿನ ಮುಂದೆ ನಿಂತರೆ ಗಪ್‌ಚಿಪ್.

ಆದರೆ ಈಚೆಗೆ ಹವಳಗಳು ಬಿಳಿಚಿಕೊಳ್ಳುತ್ತಿದ್ದವು. ನೇರಳೆ ಕೊಂಬೆಯ ಹವಳವಂತೂ ಒಗೆದೂ ಒಗೆದೂ ಬಣ್ಣ ಹೋದ ಅಂಗಿಯಂತಾಗಿತ್ತು. ಸೋಪಕ್ಕ ಇನ್ನಷ್ಟು ತೊಳೆದಳು. ಮೀನಿನ ಆಹಾರವನ್ನು ಚಿಟಿಕೆಗೆ ಇಳಿಸಿದಳು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರವನ್ನು ಬಿಡುವಿಲ್ಲದೆ ಓಡಿಸಿದಳು. ನೀರು ಪರೀಕ್ಷಿಸಿದರೆ, ಮೀನಿನ ಹೊಲಸಿನಿಂದ ಹುಟ್ಟುವ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ.

"ನೋಡಿ ಡಾಕ್ಟ್ರಮ್ಮ, ಕೊಳೆ ಹುಡುಕಿದ್ರೂ ಸಿಗಲ್ಲ!"

"ಹವಳಾನೂ ಸಿಗದ ಹಾಗೆ ಆಗ್ತಿದೆಯಲ್ಲಮ್ಮ. ಮೂರು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ತೊಟ್ಟಿ ತೆಗೆಸಿ ಟಿವಿ ಹಾಕಿಸ್ತೀನಿ."

ಟಿವಿಯಂತೆ ಟಿವಿ! ಸೋಪಕ್ಕನಿಗೆ ಅಂದು ಊಟ ಸೇರಲಿಲ್ಲ.

ಮನೆಯಲ್ಲಿ ಗಂಡನದೂ ಒಂದು ಪುಟ್ಟ ತೊಟ್ಟಿಯಿತ್ತು. ಅವನು ಬಸ್ ಡ್ರೈವರ್. ಬಸ್ಸಿನಿಂದ ಇಳಿದರೆ ಕಡ್ಡಿ ಎತ್ತಿ ಅತ್ತ ಇಡುವವನಲ್ಲ. ಹಿಂದಿನ ವರ್ಷ ನೇರಳೆ ಹವಳದ ಕೊಂಬೆಯೊಂದು ಮುರಿದಾಗ ಡಾಕ್ಟರಮ್ಮನನ್ನು ಕೇಳಿ ತಂದು ಅವನಿಗೆ ಕೊಟ್ಟಿದ್ದಳು. ಅವನ ತೊಟ್ಟಿಯೋ, ಮುಂದಿನ ಗಾಜಿಗೆ ಪಾಚಿ, ಎರಡು ಮೀನಿಗೆ ಆರು ಮೀನಿಗಾಗುವಷ್ಟು ಊಟ. ಮೈ ಉರಿಯುತ್ತದೆಂದು ಅವಳು ಅತ್ತ ನೋಡುವುದನ್ನೇ ಬಿಟ್ಟಿದ್ದಳು. ಅಂದು ಸಿಟ್ಟಿಗೆ ಆ ಗಾಜನ್ನು ಉಜ್ಜಿದಳು. ನೋಡಿದರೆ, ಅದೇ ಕೊಂಬೆ! ಮೂರು ಕವಲೊಡೆದು, ಗಾಢ ನೇರಳೆಯಾಗಿ ಕೂತಿದೆ!

ಓಡಿಹೋಗಿ ಪರೀಕ್ಷೆಯ ಡಬ್ಬಿ ತಂದಳು. ನಳಿಕೆಯಲ್ಲಿ ನೀರು ಬಣ್ಣ ತಿರುಗಿತು. ನೈಟ್ರೇಟ್ ಹತ್ತು.

"ನಿನ್ನ ತೊಟ್ಟೀಲಿ ಎಷ್ಟು?" ಗಂಡ ಮಲಗಿದಲ್ಲಿಂದಲೇ ಕೇಳಿದ.

"ಸೊನ್ನೆ."

"ಸೊನ್ನೆ ತಗೊಂಡು ಬೀಗೋಳು ಊರಿಗೆಲ್ಲ ನೀನೊಬ್ಳೇ ಕಣೇ!"

ಬೈಯಲು ಬಾಯಿ ತೆರೆದವಳು ನಳಿಕೆಯನ್ನೂ ನೇರಳೆ ಕೊಂಬೆಯನ್ನೂ ಮತ್ತೊಮ್ಮೆ ನೋಡಿದಳು. "ಅಯ್ಯೋ, ಕೊಳೆ ಕೊಳೆ ಅಂತ ನಾನು ತೆಗೆದಿದ್ದು ಆ ಹವಳದ ಅನ್ನ ಕಣ್ರೀ! ಉಪವಾಸ ಕೆಡವಿಬಿಟ್ಟೆನಲ್ಲ!"

ಆಸ್ಪತ್ರೆಯ ತೊಟ್ಟಿ ಕೈಗೆ ಬಂದ ಮೊದಲ ವರ್ಷ ಆಗಿದ್ದು ಇದರ ತಿರುಗಾಮುರುಗಾ. ಮೀನಿಗೆ ಸುರಿದೂ ಸುರಿದೂ ನೀರಿನಲ್ಲಿ ಸತ್ವ ವಿಪರೀತವಾಗಿ, ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಕೊಬ್ಬಿ, ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ತೊಳೆಯುವ ಹುಚ್ಚು ಹಿಡಿದದ್ದೇ ಆಗ. ಈಗ ಗಂಡನಷ್ಟೂ ಅಲ್ಲ, ತನ್ನಷ್ಟೂ ಅಲ್ಲ ಎಂದು ನಡುವಿನ ಹದ ಹಿಡಿದಳು. ಮೀನಿನ ಊಟವನ್ನು ಇಷ್ಟಿಷ್ಟೇ ಹೆಚ್ಚಿಸಿದಳು, ನೊರೆಯಂತ್ರಕ್ಕೆ ಬಿಡುವು ಕೊಟ್ಟಳು, ದಿನ ಬಿಟ್ಟು ದಿನ ಅಳೆದಳು. ಕೊಳೆ ಕಂಡೂ ಸುಮ್ಮನಿರುವುದು ಅವಳಿಗೆ ಸಾವು ಬದುಕಿನ ಪ್ರಶ್ನೆ. ಕೈ ತುರಿಸಿದಾಗಲೆಲ್ಲ ಕಿಟಕಿ ಒರೆಸಿದಳು. ಆ ಆಸ್ಪತ್ರೆಯ ಕಿಟಕಿಗಳು ಹಿಂದೆಂದೂ ಹಾಗೆ ಹೊಳೆದಿರಲಿಲ್ಲ.

ಮೂರನೆಯ ತಿಂಗಳ ಕೊನೆಗೆ ಡಾಕ್ಟರಮ್ಮ ತೊಟ್ಟಿಯ ಮುಂದೆ ನಿಂತರು. ನೇರಳೆ ಮರಳಿತ್ತು, ಕೊಂಬೆಗಳ ತುದಿಯಲ್ಲಿ ಹೊಸ ಚಿಗುರು ಬೇರೆ.

"ಟಿವಿ ಬೇಡ ಬಿಡಮ್ಮ. ಯಾರನ್ನ ಕರೆಸಿದ್ದೆ?"

"ಯಾರನ್ನೂ ಇಲ್ಲ ಡಾಕ್ಟ್ರಮ್ಮ. ಕೆಡಿಸಿದ್ದೂ ನಾನೇ, ಸರಿ ಮಾಡಿದ್ದೂ ನಾನೇ," ಎಂದಳು ಸೋಪಕ್ಕ, ತಲೆ ಎತ್ತಿ. ಆಮೇಲೆ ಹಾಲ್‌ಗೆಲ್ಲ ಕೇಳುವಂತೆ, "ಆದ್ರೆ ದಾರಿ ತೋರ್ಸಿದ ಮೇಷ್ಟ್ರು ಅಗೋ ಅಲ್ಲಿ ಕೂತಿದ್ದಾರೆ, ಕೆನ್ನೆ ಊದಿಸ್ಕೊಂಡು. ನಮ್ಮನೆಯವರು!" ಎಂದಳು.

ದವಡೆಹಲ್ಲು ಕೀಳಿಸಲು ಬಂದಿದ್ದ ಗಂಡ ತಬ್ಬಿಬ್ಬಾದ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಹೆಂಡತಿ ಮೊದಲ ಸಲ ಹೊಗಳಿದ್ದಾಳೆ, ಇಂಜೆಕ್ಷನ್‌ಗೆ ಬಾಯಿ ಮರಗಟ್ಟಿ ಒಂದು ಮಾತೂ ಹೊರಡುತ್ತಿಲ್ಲ. ಊದಿದ ಕೆನ್ನೆ ಹಿಡಿದುಕೊಂಡೇ ಎದ್ದು ಬಂದು, ತೊಟ್ಟಿಯ ಮುಂದೆ ಅವಳ ಪಕ್ಕದಲ್ಲಿ ನಿಂತುಕೊಂಡ.