ನೀರಿಲ್ಲದ ಕಣ್ಣು

1974ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಏಳನೆಯ ಇಯತ್ತೆ. ಗುತ್ತಲದ ಹತ್ತಿರದ ನಮ್ಮೂರ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹಲಗೆಯ ಮೇಲಿನ ಸಣ್ಣ ಅಕ್ಷರವನ್ನೂ ಓದುತ್ತಿದ್ದವನು ನಾನೊಬ್ಬನೇ. ದಡ್ಡನಾಗಿ ಬಿಡಲಿಲ್ಲ. ಒಂದು ದಿನ ಮಾಸ್ತರರು, ಬಡವರ ಮಕ್ಕಳಿಗೆ ಅಂಗಿ ಚಡ್ಡಿ ಬಂದಾವ, ಬಡವರು ಎದ್ದು ನಿಲ್ಲರಿ ಅಂದರು. ನನ್ನ ಅಂಗಿಯ ಬೆನ್ನು ಹರಿದಿತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಏಳಲಿಲ್ಲ. "ಏಳಪಾ, ನಿನ್ನ ಹೆಸರೂ ಬರದೈತಿ" ಅಂದರು. ಆಗ ಎದ್ದೆ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲು ದಾಟಿ ನಡೆದೆ. ಮರುದಿನ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಪುಕ್ಕಟೆ ಬಂದ ಅಂಗಿ ತೊಡಲಿಲ್ಲ ಅನ್ನುವುದನ್ನು ಬಹಳ ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ.

ಬ್ಯಾಡಗಿಗೆ ಬಂದು ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿಯಲ್ಲಿ ಹಮಾಲನಾದೆ. ಚೀಲ ಹೊರುತ್ತಲೇ ಮಾಲು ಆರಿಸುವುದನ್ನು ಕಲಿತೆ. ರಾಶಿಯ ಮುಂದೆ ನಿಂತು, ಇದು ಡಬ್ಬಿ ತಳಿ, ಇದು ಕಡ್ಡಿ ತಳಿ, ಇದು ಮಂಜು ಹೊಡೆದದ್ದು, ಇದು ಹೋದ ವರ್ಷದ್ದನ್ನು ಬೆರೆಸಿದ್ದು ಅಂತ ಮುಟ್ಟದೆಯೇ ಹೇಳುತ್ತಿದ್ದೆ. ನಮ್ಮ ಪೇಟೆಯಲ್ಲಿ ಬಣ್ಣವೇ ದೇವರು. ಸಾವುಕಾರರು ಸಹ ಸಂಶಯ ಬಂದಾಗ "ಅವನ್ನ ಕರೀರಿ, ಅವನ ಕಣ್ಣಿಗೆ ತೋರಸ್ರಿ" ಅನ್ನುತ್ತಿದ್ದರು. ನನ್ನ ಕಣ್ಣಿನ ಮೇಲೆ ನನಗೆ ಅಷ್ಟು ಗರ್ವ.

ಲಗ್ನವಾಯಿತು. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದೆ. ಹೆಂಡತಿ ಅಂಗಡಿಯಲ್ಲಿ ಹೆಂಗಸರ ಜೊತೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಆ ಕೆಲಸ ನಾನೇ ಬಿಡಿಸಿದೆ. ಮನೆಯಲ್ಲಿ ಇರು, ದುಡಿಯುವವನು ನಾನಿದ್ದೇನೆ ಅಂದೆ. ಊಟಕ್ಕೂ ನನ್ನದೇ ಕಾನೂನು. ಸಣ್ಣವನಿದ್ದಾಗ ಹೊಲದ ಬದುವಿನ ಮೇಲಿನ ತಪ್ಪಲ ಪಲ್ಯ ತಿಂದು ತಿಂದು ಬೇಸತ್ತಿದ್ದೆ. ಹೆಂಡತಿ ಒಮ್ಮೆ ನುಗ್ಗೆ ತಪ್ಪಲ ಕಿತ್ತು ತಂದಾಗ, "ನನ್ನ ಮನ್ಯಾಗ ಗಿಡದ ಎಲಿ ತಿನ್ನೂ ಹೊತ್ತು ಬಂದಿಲ್ಲ" ಅಂದು ಬುಟ್ಟಿಸಹಿತ ಹೊರಗಿಟ್ಟಿದ್ದೆ. ಮಗಳಿಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ರೊಟ್ಟಿ ಬೆಲ್ಲ. ಅಂಗಡಿಯಿಂದ ತಂದ ಬಿಸ್ಕೀಟು ತಿನ್ನುವ ಕೂಸು ಓಣಿಯಲ್ಲಿ ಅವಳೊಬ್ಬಳೇ ಅಂತ ನನಗೆ ಹೆಮ್ಮೆ.

ಅವಳಿಗೆ ಎರಡು ವರ್ಷ ತುಂಬಿದ ದಸರೆಯ ಸುಮಾರಿಗೆ ಸರಕಾರಿ ದವಾಖಾನೆಯ ನರ್ಸಬಾಯಿ ಓಣಿಗೆ ಬಂದರು. ಕೈಯಲ್ಲಿ ಒಂದು ಬಾಟಲಿ, ಒಂದು ಚಮಚ. ಸಣ್ಣ ಮಕ್ಕಳ ಬಾಯಿ ತೆರೆಸಿ ಎಣ್ಣೆಯಂಥ ಔಷಧ ಹಾಕುತ್ತಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ಕೂಸಿನ್ನ ಕರೀರಿ ಅಣ್ಣಾರ. ಕಣ್ಣಿಗೆ ಛಲೋ, ಮೈಗೂ ಛಲೋ."

"ಎಷ್ಟರ್ರಿ ಇದಕ್ಕ?"

"ಪುಕ್ಕಟೆ ಐತ್ರಿ."

"ಹಂಗಾರ ಬ್ಯಾಡ್ರಿ. ನಮ್ಮ ಕೂಸಿನ ಕಣ್ಣು ಛಲೋ ಅದಾವ. ಬೇಕಾದ್ರ ನಾವು ರೊಕ್ಕ ಕೊಟ್ಟು ತಗೋತೇವಿ."

ನರ್ಸಬಾಯಿಗೆ ನಗೆ ಬಂತು. "ರೊಕ್ಕ ಕೊಟ್ಟರೂ ಇದನ್ನ ಯಾವ ಅಂಗಡ್ಯಾಗೂ ಕೊಡಂಗಿಲ್ಲರಿ ಅಣ್ಣಾರ. ಒಂದು ಚಮಚ ಹಾಕಸ್ರಿ, ನಿಮ್ಮ ದೊಡ್ಡಸ್ತಿಕಿ ಏನೂ ಕರಗಂಗಿಲ್ಲ."

ಆ ಕೊನೆಯ ಮಾತು ನನಗೆ ಚುಚ್ಚಿತು. ಬಾಗಿಲು ಹಾಕಿಕೊಂಡೆ. ಒಳಗೆ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಹಾಕಿಸಿರಿ ಅನ್ನುವ ಧೈರ್ಯ ನಾನು ಅವಳಿಗೆ ಬಿಟ್ಟಿರಲಿಲ್ಲ.

ಚಳಿಗಾಲದಲ್ಲಿ ಮಗಳು ಹೊತ್ತು ಮುಳುಗಿದ ಕೂಡಲೇ ಅವ್ವನ ಸೀರೆ ಹಿಡಿದು ಕೂಡತೊಡಗಿದಳು. ಗಂಗಾಳದಲ್ಲಿಯ ರೊಟ್ಟಿಯನ್ನು ಕೈಯಾಡಿಸಿ ಹುಡುಕುತ್ತಿದ್ದಳು. ಹೊಸ್ತಿಲು ಎಡವುತ್ತಿದ್ದಳು. "ಏ ಮುದಿಕಿ, ಕಣ್ಣು ಎಲ್ಲಿಟ್ಟು ಬಂದೀ?" ಅಂತ ನಾನು ಕಾಡಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಮುಂಜಾನೆ ಓಣಿತುಂಬ ಓಡುವ ಹುಡುಗಿ, ಸಂಜೆಗೆ ಮೊಂಡುತನ ಮಾಡುತ್ತಾಳೆ ಅಂದುಕೊಂಡೆವು.

1986ರ ಬೇಸಿಗೆ ಕಾಲಿಡುವ ಹೊತ್ತಿಗೆ ಅವಳಿಗೆ ದಡಾರ ಬಂತು. ನಮ್ಮ ಕಡೆ ಅದಕ್ಕೆ ಗೊಬ್ಬರ ಅನ್ನುತ್ತಾರೆ. ಮೈತುಂಬ ಕೆಂಪು ಗುಳ್ಳೆ, ಸುಡುವ ಜ್ವರ. ಊರಿಂದ ನಮ್ಮವ್ವ ಬಂದಳು. ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿದಳು. ಮನೆಯಲ್ಲಿ ಒಗ್ಗರಣೆ ಇಲ್ಲ, ಎಣ್ಣೆ ಇಲ್ಲ, ಹಾಲು ಇಲ್ಲ, ಪಲ್ಯ ಇಲ್ಲ. "ತಾಯಿ ಬಂದಾಳ, ಆಕಿ ತಣ್ಣಗ ಹೋಗಲಿ" ಅಂದು ಕೂಸಿಗೆ ಬರೀ ಗಂಜಿ ಕುಡಿಸಿದಳು. ಹತ್ತು ದಿನಕ್ಕೆ ಗುಳ್ಳೆ ಬಾಡಿದವು. ಜ್ವರ ಬಿಟ್ಟಿತು. ಆದರೆ ಭೇದಿ ಹತ್ತಿತು, ಮಗಳು ಕಣ್ಣು ತೆರೆಯಲಿಲ್ಲ. ಬೆಳಕಿಗೆ ಮುಖ ತಿರುಗಿಸಿ ಗೋಡೆಗೆ ಹಣೆ ಒತ್ತಿಕೊಂಡು ಮಲಗುತ್ತಿದ್ದಳು. ಎರಡೂ ಕೈಯಿಂದ ಕಣ್ಣು ಉಜ್ಜುತ್ತಿದ್ದಳು.

"ಇದು ನಿನ್ನ ಖಾರ" ಅಂದಳು ಅವ್ವ. "ನೀ ಬಂದು ಮೈಮ್ಯಾಲ ಎತ್ತಿಕೊಂತೀ. ನಿನ್ನ ಅಂಗ್ಯಾಗಿನ ಘಾಟು ಎಳೀ ಕಣ್ಣಿಗೆ ಬಡದೈತಿ."

ಅದು ಸುಗ್ಗಿಯ ಹೊತ್ತು. ಪೇಟೆಯ ಗಾಳಿಯೇ ಕೆಂಪಾಗಿರುತ್ತಿತ್ತು. ಹೊಸಬರು ನಮ್ಮ ಓಣಿಗೆ ಕಾಲಿಟ್ಟರೆ ಸೀನಿ ಸೀನಿ ಸಾಯುತ್ತಿದ್ದರು. ಅವ್ವನ ಮಾತು ನನಗೆ ಖರೇ ಅನ್ನಿಸಿತು. ಅಂಗಡಿಯ ಹಿಂದಿನ ನಳದ ಕೆಳಗೆ ಮೈ ತಿಕ್ಕಿ ತೊಳೆದೆ. ಬೇರೆ ಅಂಗಿ ತೊಟ್ಟು ಮನೆಗೆ ಬಂದೆ. ಕಡಿಮೆಯಾಗಲಿಲ್ಲ. ಅಂಗೈ ಮೂಸಿದರೆ ಇನ್ನೂ ಘಾಟು ಇತ್ತು. ಹನ್ನೆರಡು ವರ್ಷದ ಖಾರ ಚರ್ಮದೊಳಗೆ ಇಳಿದಿದೆ ಅನ್ನಿಸಿತು.

ಕೊನೆಗೆ ನಾನೇ ಒಂದು ನಿರ್ಧಾರ ಮಾಡಿದೆ. ಕೂಸಿನ ಕಣ್ಣು ತಿಳಿಯಾಗುವ ತನಕ ಮನೆಗೆ ಹೋಗುವುದಿಲ್ಲ. ಅಂಗಡಿಯಲ್ಲೇ ಚೀಲದ ಮೇಲೆ ಮಲಗಿದೆ. ಮುಂಜಾನೆ ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ, ಹೆಂಡತಿ ಬಾಗಿಲಿಗೆ ಬಂದು ಕೈ ಆಡಿಸಿ ಇಲ್ಲ ಅನ್ನುತ್ತಿದ್ದಳು. ಮತ್ತೆ ತಿರುಗಿ ಹೋಗುತ್ತಿದ್ದೆ. ಒಳಗಿಂದ ಮಗಳು ಅಳುವುದು ಕೇಳುತ್ತಿತ್ತು. "ಅಪ್ಪಾ ಎಲ್ಲಿ" ಅಂತ ಅಳುತ್ತಾಳೆ ಅಂತ ಪಕ್ಕದ ಮನೆಯ ಬೂಬಮ್ಮ ದಾರಿಯಲ್ಲಿ ಸಿಕ್ಕು ಹೇಳಿದರು. ಅವರೇ ಇನ್ನೊಂದು ಮಾತು ಕೇಳಿದರು. "ಸಂಜಿಮುಂದ ಕೂಸಿಗೆ ಕಾಣತೈತೋ ಇಲ್ಲೋ ನೋಡೀರೇನ ಬೇಟಾ? ಗುತ್ತಲದಾಗ ನಮ್ಮಣ್ಣನ ಮಗಗ ಇರುಳುಗಣ್ಣು ಆಗಿ ಹಿಂಗ ಆಗಿತ್ತು." ನಾನು ಚೀಲ ಹೊತ್ತುಕೊಂಡಿದ್ದೆ. "ಇದು ಖಾರದ್ದ ಐತಿ ಬೂಬಮ್ಮಾ, ನಮಗ ಗೊತ್ತಿಲ್ಲೇನು" ಅಂದು ನಡೆದೆ.

ಎಂಟು ದಿನ ಹಾಗೆ ಕಳೆದೆ. ಮಗಳ ಸಲುವಾಗಿ ಮಾಡಿದ ಆ ಎಂಟು ದಿನಗಳಷ್ಟು ಕೆಟ್ಟ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ರಾಶಿಗಳ ನಡುವೆ ಹೆಂಡತಿ ಓಡಿ ಬಂದಳು. ಬಗಲಲ್ಲಿ ಕೂಸು. ಅಷ್ಟು ಮಂದಿ ಗಂಡಸರ ಮುಂದೆ ಅವಳು ಎಂದೂ ದನಿ ಎತ್ತಿದವಳಲ್ಲ.

"ಖಾರ ಖಾರ ಅಂತೀರಲ್ಲ, ನೋಡ್ರಿಲ್ಲೆ! ಕರೀಗುಡ್ಡಿ ಮ್ಯಾಲ ಹಾಲು ಚೆಲ್ಲಿದಂಗ ಆಗೇತಿ!"

ರೆಪ್ಪೆ ಬಿಡಿಸಿ ತೋರಿಸಿದಳು. ಎಡಗಣ್ಣಿನ ನಡುವೆ ಬಿಳಿ. ಬಲಗಣ್ಣು ಮಾಸಿದ ಗಾಜಿನಂತೆ. ಹನ್ನೆರಡು ವರ್ಷ ಬಣ್ಣ ನೋಡಿದ ನನ್ನ ಕಣ್ಣು ಆ ಬಿಳಿಯನ್ನು ನೋಡಿ ಕತ್ತಲೆಗಟ್ಟಿತು.

"ಎಲ್ಲಿ ಹೋಗೋಣು?" ಅಂದೆ.

"ಯಾರ ಮುಂದ ಬಾಗಲಾ ಹಾಕ್ಕೊಂಡ್ರಲ್ಲಾ, ಆ ನರ್ಸಬಾಯಿ ಕಡೆ" ಅಂದಳು.

ನರ್ಸಬಾಯಿ ಆಗಷ್ಟೇ ಊಟಕ್ಕೆ ಮನೆಗೆ ಬಂದಿದ್ದರು. ನಾನು ಹೊಸ್ತಿಲ ಹೊರಗೆ ನಿಂತೆ. "ಬಾಯಾರ, ಆ ಔಷಧ ಐತೇನ್ರಿ, ಪುಕ್ಕಟೆದ್ದು" ಅಂದೆ. ಪುಕ್ಕಟೆದ್ದನ್ನು ನಾನು ಬಾಯಿಬಿಟ್ಟು ಬೇಡಿದ್ದು ಅದೇ ಮೊದಲು. ಅವರು ಕೂಸಿನ ಕಣ್ಣು ನೋಡಿದರು, ಉಣ್ಣುವ ಗಂಗಾಳ ಹಾಗೇ ಬಿಟ್ಟು ಎದ್ದು ಕೈ ತೊಳೆದರು.

"ಎಷ್ಟು ದಿನಾ ಆತು?"

"ಗೊಬ್ಬರ ಹೋಗಿ ಹತ್ತು ಹನ್ನೆರಡು ದಿನಾ."

"ಹತ್ತು ಹನ್ನೆರಡು ದಿನಾ ಏನ ಮಾಡಿದ್ರಿ ಅಣ್ಣಾರ, ಪೂಜಿ ಮಾಡಿದ್ರೇನು?"

ಚಮಚ ತುಂಬ ಔಷಧ ಹಾಕಿದರು. ಎಣ್ಣೆಯಂಥ ಹಳದಿ ಹನಿ ಕೂಸಿನ ಗಲ್ಲದ ಮೇಲೆ ಇಳಿಯಿತು, ಅದನ್ನೂ ಬೆರಳಿನಿಂದ ಸವರಿ ಬಾಯಿಗೆ ಇಟ್ಟರು. "ನನ್ನ ಕಡೆ ಇರೋದು ಇಷ್ಟ. ಇನ್ನ ರಾಣೇಬೆನ್ನೂರಾಗ ಕಣ್ಣಿನ ಡಾಕ್ಟರ್ ಅದಾರ, ಈಗಿಂದೀಗ ನಡೀರಿ" ಅಂದು ತಾವೂ ಚಪ್ಪಲಿ ಮೆಟ್ಟಿದರು.

ಬಸ್ಸಿನಲ್ಲಿ ಅವರ ಟಿಕೀಟು ನಾನು ತೆಗೆಸಿದೆ. ಬೇಡ ಅನ್ನಬಹುದು ಅಂದುಕೊಂಡೆ. "ತಗಸ್ರಿ, ಇದನ್ನರ ನೀವು ರೊಕ್ಕಾ ಕೊಟ್ಟು ತಗೋರಿ" ಅಂದರು. ಮುಖದಲ್ಲಿ ನಗೆ ಇರಲಿಲ್ಲ. ದಾರಿಯುದ್ದಕ್ಕೂ ಕೂಸಿನ ಕಣ್ಣಿಗೆ ಒದ್ದೆ ಅರಿವೆ ಹಿಡಿದಿದ್ದರು. ಮಗಳು ಅಳುತ್ತಿದ್ದಳು. ಅವಳು ಬಾಯಿ ತೆರೆದು ಅಳುವುದನ್ನು ನಾನು ಎಂಟು ದಿನದ ಮೇಲೆ ಹತ್ತಿರದಿಂದ ನೋಡಿದೆ.

ರಾಣೇಬೆನ್ನೂರಿನ ಡಾಕ್ಟರು ವಯಸ್ಸಾದವರು. ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು. ನಾನೇ ಮೊದಲು ಬಾಯಿ ಬಿಟ್ಟೆ. "ಸಾಹೇಬ್ರ, ನಾ ಮೆಣಸಿನಕಾಯಿ ಕೆಲಸದಾಂವ. ನನ್ನ ಖಾರ ಬಡದೈತ್ರಿ."

"ಖಾರ ಬಡದ ಕಣ್ಣು ಹೆಂಗ ಇರತೈತಿ ನಿಮಗ ಗೊತ್ತಿಲ್ಲೇನು?"

"ಗೊತ್ತೈತ್ರಿ. ಕೆಂಪಾಗತೈತಿ, ದಳದಳ ನೀರ ಸುರಿತೈತಿ."

"ಈ ಕಣ್ಣಾಗ ನೀರ ಎಲ್ಲೈತಿ?"

ನಾನು ಮಗಳ ಮುಖ ನೋಡಿದೆ. ಅವಳು ಇನ್ನೂ ಅಳುತ್ತಿದ್ದಳು. ಗಲ್ಲ ಒಣಗಿತ್ತು. ಒಂದು ಹನಿ ಇರಲಿಲ್ಲ. ದಿನಕ್ಕೆ ನೂರು ಸಲ ಖಾರಕ್ಕೆ ಕಣ್ಣೀರು ಸುರಿಸಿದವನು ನಾನು, ಖಾರದ ಕಣ್ಣು ಯಾವುದು ಅಂತ ಬ್ಯಾಡಗಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಕೂಸು ನೀರಿಲ್ಲದೆ ಅಳುತ್ತಿದೆ ಅನ್ನುವುದು ನನಗೆ ಕಾಣಲಿಲ್ಲ. ನೋಡಲಿಕ್ಕೆ ನಾನು ಮನೆಯಲ್ಲೇ ಇರಲಿಲ್ಲ.

ಡಾಕ್ಟರು ತಿಳಿಸಿ ಹೇಳಿದರು. "ಎ ಜೀವಸತ್ವ ಅಂತ ಐತಿ. ಹಸರ ತಪ್ಪಲದಾಗ, ಹಾಲಿನ್ಯಾಗ, ತತ್ತ್ಯಾಗ, ಪಪ್ಪಾಯಿಯೊಳಗ ಇರತೈತಿ. ಉಂಡದ್ದು ಯಕೃತ್ತಿನ್ಯಾಗ ಕೂಡಿ ಇರತೈತಿ, ಬೇಕಾದಂಗ ಅಲ್ಲಿಂದ ರಕ್ತಕ್ಕ ಬರತೈತಿ. ಈ ಕೂಸಿಗೆ ಕೂಡಿಟ್ಟದ್ದ ಇರಲಿಲ್ಲ. ಇದ್ದ ಚೂರನ್ನ ಗೊಬ್ಬರ ತಿಂತು. ರಕ್ತದಾಗ ಅದು ಇಳದ್ರ ಮೊದಲ ಮಬ್ಬುಗತ್ತಲದಾಗ ಕಾಣಂಗಿಲ್ಲ. ಆಮ್ಯಾಲ ಕಣ್ಣೀರು ಬತ್ತತೈತಿ. ಆಮ್ಯಾಲ ಗುಡ್ಡಿ ಕರಗತೈತಿ. ಬರೀ ಕಣ್ಣಲ್ಲ, ಈ ಭೇದಿಯೊಳಗ ಕೂಸ ಹೋಗಿಬಿಡತಿತ್ತು."

ಗಂಗಾಳದಲ್ಲಿ ಕೈಯಾಡಿಸುತ್ತಿದ್ದ ಮಗಳು ನೆನಪಾದಳು. ನಾನು ಮುದಿಕಿ ಅಂದು ನಕ್ಕದ್ದು ನೆನಪಾಯಿತು. "ರಕ್ತದಾಗ ಇಲ್ಲಂದ್ರ ನನ್ನ ರಕ್ತ ತಗೋರಿ ಸಾಹೇಬ್ರ, ಎಷ್ಟು ಬೇಕ ಅಷ್ಟು ತಗೋರಿ" ಅಂದೆ. ತೋಳು ಮುಂದೆ ಚಾಚಿದ್ದೆ. ಡಾಕ್ಟರು ತೋಳನ್ನು ಮೆಲ್ಲಗೆ ಕೆಳಗಿಟ್ಟರು. "ನಿಮ್ಮ ರಕ್ತ ಬ್ಯಾಡ. ಔಷಧ ಹಾಕೇವಿ, ನಾಳೆ ಇನ್ನೊಮ್ಮೆ ಹಾಕತೇವಿ. ಎಡಗಣ್ಣಿನ ಆಶಾ ಬಿಡ್ರಿ. ಬಲಗಣ್ಣು ನೋಡೋಣ."

ಆ ನಾಲ್ಕೈದು ದಿನ ದವಾಖಾನೆಯ ಕಟ್ಟೆಯ ಮೇಲೆ ಕೂತೆ. ಅಲ್ಲಿ ಕೂತವರಿಗೆ ಯಾರೋ ಅನ್ನ ಸಾರು ಹಂಚುತ್ತಿದ್ದರು. ಮೊದಲ ದಿನ ತಿರುಗಿ ಕೂತೆ. ಎರಡನೆಯ ದಿನ ಕೈಯೊಡ್ಡಿ ತಗೊಂಡು ಉಂಡೆ. ದಿನಾ ಹೊತ್ತು ಮುಳುಗುವಾಗ ಮಗಳ ಮುಂದೆ ಕೂತು, ಒಂದು ಪಟ್ಟಿ ಮುಚ್ಚಿದ ಕಣ್ಣು, ಒಂದು ತೆರೆದ ಕಣ್ಣು ನೋಡುತ್ತಿದ್ದೆ. ದೇವರನ್ನು ಏನಾದರೂ ಬೇಡುವ ಧೈರ್ಯವೂ ನನಗಿರಲಿಲ್ಲ. ಹೆಂಡತಿ ನನ್ನ ಕೂಡ ಮಾತಾಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಐದನೆಯ ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ಮಗಳು ಕೈ ಮುಂದೆ ಮಾಡಿ ನನ್ನ ಎದೆ ಮುಟ್ಟಿದಳು.

"ಅಪ್ಪಾ, ನಿನ್ನ ಗುಂಡಿ ಹರದೈತಿ."

ಬಗ್ಗಿ ನೋಡಿದೆ. ಎರಡನೆಯ ಗುಂಡಿ ಇರಲಿಲ್ಲ. ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತಳು. ಮಗಳ ಬಲಗಣ್ಣಿನ ಅಂಚಿನಲ್ಲಿಯೂ ಚೂರು ನೀರು ಮಿಂಚಿತು. ನಾನು ಅದನ್ನು ಒರೆಸಲಿಲ್ಲ.

ಎಡಗಣ್ಣು ಒಳಗೆ ಕುಗ್ಗಿಹೋಯಿತು. ಇದಾಗಿ ಹನ್ನೆರಡು ವರ್ಷವಾದವು. ಪೇಟೆಯಲ್ಲಿ ಈಗಲೂ ಮಾಲಿನ ಸಂಶಯ ಬಂದರೆ ನನ್ನ ಕಣ್ಣಿಗೆ ತೋರಿಸಿರಿ ಅನ್ನುತ್ತಾರೆ. ಹೋಗುತ್ತೇನೆ, ಹೇಳುತ್ತೇನೆ, ಅದು ನನ್ನ ಕೆಲಸ. ಆದರೆ ಮೊದಲಿನ ಹಾಗೆ ದೂರ ನಿಂತು ಹೇಳುವುದಿಲ್ಲ. ಕೂತು, ಕೈಯಲ್ಲಿ ಹಿಡಿದು, ಮುರಿದು ನೋಡಿ ಹೇಳುತ್ತೇನೆ. ನರ್ಸಬಾಯಿಯವರು ವರ್ಗವಾಗಿ ಹಾವೇರಿಗೆ ಹೋದರು. ಅವರ ನಂತರ ಬಂದವರು ಬಾಟಲಿ ಹಿಡಿದು ಓಣಿಗೆ ಬಂದಾಗ, ಮಕ್ಕಳನ್ನು ಬಚ್ಚಿಡುವ ಅಪ್ಪಂದಿರ ಬಾಗಿಲಿಗೆ ಮಗಳನ್ನು ಕರೆದುಕೊಂಡು ನಾನೇ ಹೋಗಿ ನಿಲ್ಲುತ್ತೇನೆ. ಮಾತಾಡುವುದು ಬೇಕಾಗುವುದಿಲ್ಲ. ಅವಳೂ ಬೇಸರಪಡುವುದಿಲ್ಲ. "ನಡಿಯಪಾ, ನನ್ನ ತೋರಸಾಕ" ಅಂತ ತಾನೇ ಮುಂದೆ ಹೊರಡುತ್ತಾಳೆ.

ಈಗ ನನಗೆ ಇರುವುದು ಇಷ್ಟು. ಸ್ವಂತದ ಎರಡು ಖೋಲಿ. ಒಂದು ತಕ್ಕಡಿ. ಹಿತ್ತಲಲ್ಲಿ ನಾನೇ ಹಚ್ಚಿದ ನುಗ್ಗೆ ಗಿಡ ಎರಡು, ಪಪ್ಪಾಯಿ ಒಂದು. ಹಾಲು ಕೊಡುವ ಎಮ್ಮೆ ಒಂದು. ಒಬ್ಬ ಹೆಂಡತಿ, ಒಬ್ಬ ಮಗಳು. ಮೂರು ಮಂದಿ, ಕಾಣುವ ಕಣ್ಣು ಐದು.